ಬ್ಯಾಗಿನ ತಳದ ಟ್ಯೂಬು

ನಮ್ಮ ಚಿಕ್ಕಮ್ಮನ ಸೊಸೆ ತುಮಕೂರಿನ ವಸಂತನರಸಾಪುರದ ಒಂದು ಆಹಾರ ಘಟಕದಲ್ಲಿ ಹುರಿಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಸಂಜೆ ಪಾಳಿ ಮುಗಿಸಿಕೊಂಡು ನೇರವಾಗಿ ನಮ್ಮ ಮನೆಗೇ ಬಂದಳು. ಬಂದವಳು ಕೂರಲಿಲ್ಲ, ಬಚ್ಚಲಿಗೆ ಹೋಗಿ ಮುಖಕ್ಕೆ ನಾಲ್ಕು ಸಲ ನೀರು ಎರಚಿಕೊಂಡಳು. ಸೆರಗಿನಿಂದ ಒರೆಸಿಕೊಳ್ಳಲಿಲ್ಲ, ಒರೆಸಿದರೆ ಉರಿಯುತ್ತದಂತೆ. ಹಾಗೇ ನೀರು ತೊಟ್ಟಿಕ್ಕಿಸುತ್ತ ಬಂದು ಫ್ಯಾನಿನ ಕೆಳಗೆ ನಿಂತಳು.

ಹತ್ತಿರದಿಂದ ನೋಡಿದೆ. ಎರಡು ಕೆನ್ನೆ, ಮೂಗಿನ ತುದಿ, ಗದ್ದದ ನಡುಭಾಗ, ಇಷ್ಟರ ಬಣ್ಣವೇ ಬೇರೆ. ಕೆಂಪು ಅನ್ನಲಾಗದು, ನಮ್ಮ ಮೈಬಣ್ಣದಲ್ಲಿ ಕೆಂಪು ಹಾಗೆ ಎದ್ದು ಕಾಣುವುದಿಲ್ಲ. ಚೆನ್ನಾಗಿ ಸುಟ್ಟ ಇಟ್ಟಿಗೆಗೆ ಮಸಿ ಹತ್ತಿದರೆ ಹೇಗಿರುತ್ತದೋ ಹಾಗಿತ್ತು. ಅದರ ಮೇಲೆ ರಾಗಿಕಾಳಿನಷ್ಟು ಸಣ್ಣ ಗುಳ್ಳೆಗಳು, ಕೆಲವಕ್ಕೆ ಕೀವಿನ ಮೊನೆ. ಬೆರಳ ಹಿಂಭಾಗ ತಾಗಿಸಿದರೆ ಕೆನ್ನೆ ಬೆಚ್ಚಗೆ, ಹಣೆಯ ಅಂಚು ತಣ್ಣಗೆ. "ಎಲ್ಲರೂ ಉಷ್ಣ ಅಂತಾರಕ್ಕ. ಮಜ್ಜಿಗೆ ಕುಡಿದೆ, ಎಳನೀರು ಕುಡಿದೆ, ಮೆಂತ್ಯ ನೆನೆಸಿ ತಿಂದೆ. ಮುಖ ಮಾತ್ರ ಉರೀತಾನೇ ಐತೆ" ಎಂದಳು. ಎರಡು ವರ್ಷದಿಂದ ಹೀಗೇ ಇದೆಯಂತೆ.

ಏನಾದರೂ ಹಚ್ಚುತ್ತೀಯಾ ಎಂದು ಕೇಳಿದೆ. ಬ್ಯಾಗಿನ ತಳಕ್ಕೆ ಕೈಹಾಕಿ, ಊಟದ ಡಬ್ಬಿ, ಗುರುತಿನ ಚೀಟಿ, ಬಸ್ ಟಿಕೆಟ್ಟುಗಳ ಅಡಿಯಿಂದ ಒಂದು ಟ್ಯೂಬು ತೆಗೆದಳು. ತಳದಿಂದ ಮೇಲಕ್ಕೆ ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಕೊನೆಯ ಹನಿಯವರೆಗೂ ಹಿಂಡಿದ್ದ ಟ್ಯೂಬು. "ಬಂಗಿಗೆ ಅಂತ ಪಕ್ಕದ ಮನೆಯವರು ಹೇಳಿದ್ರು. ಮೊದಲು ಬೆಳ್ಳಗಾಯ್ತು. ಈಗ ಹಚ್ಕೊಂಡ್ರೆ ತಣ್ಣಗಾಯ್ತದೆ, ಎರಡು ದಿನ ಬಿಟ್ರೆ ಬೆಂಕಿ." ಆ ಟ್ಯೂಬಿನ ಒಂದು ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆಯಿತ್ತು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧದ ಗುರುತು ಅದು. ಅವಳು ಅದುವರೆಗೆ ಅದಕ್ಕಾಗಿ ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ.

ಆ ಸಂಜೆಯಿಂದ ನಾನು ಓದಿದ್ದು, ಕೇಳಿದ್ದು, ಅವಳ ಜೊತೆ ಚರ್ಮವೈದ್ಯರ ಕೊಠಡಿಯಲ್ಲಿ ಕೂತು ನೋಡಿದ್ದು ಎಲ್ಲ ಸೇರಿ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ರೊಸೇಶಿಯಾ ಎಂಬ ಕಾಯಿಲೆಗೆ ಕನ್ನಡದಲ್ಲಿ ಹೆಸರಿಲ್ಲದಿರುವುದು ಅದು ನಮ್ಮಲ್ಲಿ ಇಲ್ಲವೆಂದಲ್ಲ. ಅದನ್ನು ನೋಡುವುದನ್ನು ನಾವು ಕಲಿತಿಲ್ಲ. ಕಲಿಯದೆ ಉಳಿದ ಆ ಜಾಗಕ್ಕೆ ಸ್ಟೀರಾಯ್ಡ್ ಮುಲಾಮು ನುಗ್ಗಿದೆ, ಇಲ್ಲದ ಕಾಯಿಲೆಯನ್ನು ತರುತ್ತಿದೆ, ಇರುವ ಕಾಯಿಲೆಯನ್ನು ಮುಚ್ಚಿಡುತ್ತಿದೆ. ಆದ್ದರಿಂದ ಮುಖ ಉರಿಯುತ್ತದೆ ಎಂದು ಬಂದವರನ್ನು ಮನೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ಔಷಧಿ ಅಂಗಡಿಯಲ್ಲಾಗಲಿ ಮೊದಲು ಕೇಳಬೇಕಾದದ್ದು "ಏನು ತಿಂದೆ" ಎಂದಲ್ಲ, "ಏನು ಹಚ್ಚುತ್ತಿದ್ದೀಯ, ತೋರಿಸು" ಎಂದು.

ರೊಸೇಶಿಯಾ ಮುಖದ ನಡುಭಾಗದ ಚರ್ಮದ ದೀರ್ಘಕಾಲದ ಉರಿಯೂತ. ಅಲ್ಲಿನ ಸಣ್ಣ ರಕ್ತನಾಳಗಳು ಸುಮ್ಮಸುಮ್ಮನೆ ಹಿಗ್ಗುತ್ತವೆ, ಚರ್ಮದ ಸ್ವಂತ ರಕ್ಷಣಾ ವ್ಯವಸ್ಥೆ ಸಣ್ಣ ಕೆಣಕಿಗೂ ದೊಡ್ಡದಾಗಿ ಪ್ರತಿಕ್ರಿಯಿಸುತ್ತದೆ. ಎಲ್ಲರ ಮುಖದಲ್ಲೂ ಕೂದಲ ಬುಡದಲ್ಲಿ ವಾಸಿಸುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ ಇವರಲ್ಲಿ ಹೆಚ್ಚಿರುತ್ತದೆ. ಮೊದಮೊದಲು ಬಿಸಿಲಿಗೆ ಹೋದಾಗ, ಒಲೆಯ ಮುಂದೆ ನಿಂತಾಗ, ಬಿಸಿ ಚಹಾ ಕುಡಿದಾಗ ಮುಖ ಕಾವೇರಿ ಇಳಿಯುತ್ತದೆ. ಬರಬರುತ್ತ ಆ ಬಣ್ಣ ಇಳಿಯದೆ ನಿಂತುಬಿಡುತ್ತದೆ. ಗುಳ್ಳೆ ಏಳುತ್ತವೆ, ಕೆಲವರಲ್ಲಿ ದಾರದೆಳೆಯಂಥ ನಾಳಗಳು ಕಾಣುತ್ತವೆ. ಕೆಲವರಲ್ಲಿ, ಹೆಚ್ಚಾಗಿ ಗಂಡಸರಲ್ಲಿ, ಮೂಗಿನ ಚರ್ಮ ದಪ್ಪಗಾಗಿ ಉಬ್ಬುತ್ತದೆ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಘಿರ್ಲಾಂಡಾಯೊ 1490ರ ಸುಮಾರಿಗೆ ಬರೆದ ಮುದುಕ ಮತ್ತು ಮೊಮ್ಮಗನ ಚಿತ್ರವಿದೆ. ಅಜ್ಜನ ಮೂಗು ಗೆಡ್ಡೆಗಟ್ಟಿದೆ, ಮೊಮ್ಮಗ ಅದರ ಪರಿವೆಯೇ ಇಲ್ಲದೆ ಪ್ರೀತಿಯಿಂದ ಅವನ ಮುಖವನ್ನೇ ನೋಡುತ್ತಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಅಂಥ ಮೂಗಿನ ಗಂಡಸಿಗೆ ಕುಡುಕನೆಂಬ ಹೆಸರು ಸುಲಭವಾಗಿ ಅಂಟುತ್ತದೆ. ಜೀವಮಾನದಲ್ಲಿ ಹೆಂಡ ಮುಟ್ಟದವನಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನು ಗಟ್ಟಿಯಾಗಿ ಹೇಳಬೇಕು.

ಬಿಳಿ ಚರ್ಮದವರ ಕಾಯಿಲೆ ಎಂದೇ ಇದನ್ನು ಬಹಳ ಕಾಲ ಬರೆದರು, ಕಲಿಸಿದರು. ಪಠ್ಯಪುಸ್ತಕದ ಚಿತ್ರಗಳಲ್ಲಿದ್ದುದು ಗುಲಾಬಿ ಕೆನ್ನೆಗಳೇ. ಆ ಚಿತ್ರಗಳನ್ನು ನೋಡಿ ಕಲಿತ ಕಣ್ಣಿಗೆ ಗುಬ್ಬಿಯದೋ ಕುಣಿಗಲ್ಲಿನದೋ ಗೋಧಿಬಣ್ಣದ, ಎಣ್ಣೆಗಪ್ಪಿನ ಮುಖದ ಮೇಲೆ ಅದೇ ಕಾಯಿಲೆ ಕಾಣಬೇಕೆಂದರೆ ಹೇಗೆ? ನಮ್ಮಲ್ಲಿ ಅದು ಕಂದಾಗಿ, ನೇರಳೆಯಾಗಿ, ಕೆಲವೊಮ್ಮೆ ಬರೀ ಹೊಳಪಾಗಿ ಕಾಣುತ್ತದೆ. ಹಾಗಾಗಿ ಕಪ್ಪು ಚರ್ಮದಲ್ಲಿ ಬಣ್ಣಕ್ಕಿಂತ ರೋಗಿಯ ಮಾತಿಗೆ ಹೆಚ್ಚು ಬೆಲೆ ಕೊಡಬೇಕು. ಉರಿಯುತ್ತದೆ, ಚುರುಗುಟ್ಟುತ್ತದೆ, ಸೋಪು ತಾಗಿದರೆ ಎಳೆದಂತಾಗುತ್ತದೆ, ಮೊದಲು ಒಗ್ಗುತ್ತಿದ್ದ ಕ್ರೀಮು ಈಗ ಒಗ್ಗುವುದಿಲ್ಲ ಎಂದು ಒಬ್ಬಾಕೆ ಹೇಳುತ್ತಿದ್ದಾಳೆಂದರೆ ಅದೇ ದೊಡ್ಡ ಲಕ್ಷಣ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರು ರೊಸೇಶಿಯಾವನ್ನು ನಾಲ್ಕು ಪೆಟ್ಟಿಗೆಗಳಲ್ಲಿ ಹಾಕುವ ಹಳೆಯ ಪದ್ಧತಿ ಬಿಟ್ಟು, ಈ ವ್ಯಕ್ತಿಯ ಮುಖದಲ್ಲಿ ಇಂದು ಯಾವ ಯಾವ ಲಕ್ಷಣವಿದೆ ಎಂದು ನೋಡಿ ಅದಕ್ಕೆ ತಕ್ಕ ಚಿಕಿತ್ಸೆ ಕೊಡುವ ಕ್ರಮಕ್ಕೆ ಬಂದರು. ಇದು ನಮ್ಮಂಥವರಿಗೆ ಅನುಕೂಲದ ಬದಲಾವಣೆ, ಏಕೆಂದರೆ ಪುಸ್ತಕದ ಚಿತ್ರಕ್ಕೆ ಹೊಂದದ ಮುಖವೂ ಲೆಕ್ಕಕ್ಕೆ ಬರುತ್ತದೆ.

ಪತ್ತೆಗೆ ರಕ್ತಪರೀಕ್ಷೆ ಇಲ್ಲ. ಕಣ್ಣು, ಕೈ, ಪ್ರಶ್ನೆ, ಇಷ್ಟೇ ಉಪಕರಣ. ಅವಳನ್ನು ತುಮಕೂರಿನ ಚರ್ಮವೈದ್ಯರ ಬಳಿ ಕರೆದುಕೊಂಡು ಹೋದಾಗ ಅವರು ಮಾಡಿದ್ದನ್ನು ನಾನು ಕಣ್ಣು ಕೀಲಿಸಿ ನೋಡಿದೆ. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದರು. ಒಂದು ಗಾಜಿನ ಪಟ್ಟಿಯನ್ನು ಕೆನ್ನೆಗೆ ಮೆಲ್ಲಗೆ ಒತ್ತಿದರು. ಒತ್ತಿದಲ್ಲಿ ಇಟ್ಟಿಗೆ ಬಣ್ಣ ಸರಿದು ಅವಳ ನಿಜವಾದ ಮೈಬಣ್ಣ ಕಂಡಿತು, ತೆಗೆದ ಕೂಡಲೇ ಮತ್ತೆ ತುಂಬಿಕೊಂಡಿತು. ಅದು ಬಂಗಿನ ಕಲೆಯಾಗಿದ್ದರೆ ಒತ್ತಿದರೂ ಹೋಗುತ್ತಿರಲಿಲ್ಲ. ಮೂಗಿನ ಪಕ್ಕದಲ್ಲಿ ಕಪ್ಪುಮೊನೆ, ಬಿಳಿಮೊನೆಗಳಿವೆಯೇ ಎಂದು ಹುಡುಕಿದರು. ಮೊಡವೆಯಲ್ಲಿ ಅವು ಇರುತ್ತವೆ, ರೊಸೇಶಿಯಾದಲ್ಲಿ ಇರುವುದಿಲ್ಲ. ಮೂಗಿನಿಂದ ಬಾಯಿಯ ಮೂಲೆಗಿಳಿಯುವ ಮಡಿಕೆಯನ್ನು ನೋಡಿದರು. ಆ ಮಡಿಕೆಯನ್ನು ಬಿಟ್ಟು ಕೆನ್ನೆಯ ಮೇಲೆ ಚಿಟ್ಟೆಯಾಕಾರದಲ್ಲಿ ಬಣ್ಣ ಹರಡಿದ್ದರೆ, ಜೊತೆಗೆ ಕೀಲುನೋವು, ಬಾಯಿಹುಣ್ಣು, ಜ್ವರ ಇದ್ದರೆ ಅದು ಲೂಪಸ್ ಇರಬಹುದು. ಅದು ಮೂತ್ರಪಿಂಡವನ್ನೂ ಹಿಡಿಯಬಲ್ಲ ಕಾಯಿಲೆ, ಕಡೆಗಣಿಸುವಂತಿಲ್ಲ. ಕೊನೆಗೆ ಹತ್ತಿಯ ಎಳೆಯೊಂದನ್ನು ಕೆನ್ನೆಗೆ ತಾಗಿಸಿ "ಗೊತ್ತಾಗ್ತಾ ಇದೆಯಾ ಅಮ್ಮ?" ಎಂದು ಕೇಳಿದರು. ನಮ್ಮ ದೇಶದಲ್ಲಿ ಮುಖದ ಬಣ್ಣ ಬದಲಾಗಿ ಚರ್ಮ ಉಬ್ಬಿದಾಗ ಕುಷ್ಠವಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವುದು ವೈದ್ಯರ ಕರ್ತವ್ಯ. ಬಾಯಿಬಿಟ್ಟು ಹೇಳದಿದ್ದರೂ ಎರಡು ವರ್ಷದಿಂದ ಅವಳ ಅತ್ತೆಮನೆಯಲ್ಲಿ ಸುಳಿದಾಡುತ್ತಿದ್ದ ಭಯವೂ ಅದೇ ಆಗಿತ್ತು ಎಂದು ನನಗೆ ಆಗ ಹೊಳೆಯಿತು. ಅವಳ ಲೋಟ ಬೇರೆಯಾಗಿ ಎಷ್ಟೋ ದಿನವಾಗಿತ್ತು.

ಆಮೇಲೆ ವೈದ್ಯರು ಟ್ಯೂಬು ಕೇಳಿದರು. ಕನ್ನಡಕ ಮೇಲೆತ್ತಿ ಸಣ್ಣಕ್ಷರ ಓದಿದರು. ಮೂರು ಔಷಧ ಸೇರಿದ ಕ್ರೀಮು: ಬಣ್ಣ ತಗ್ಗಿಸುವ ಹೈಡ್ರೊಕ್ವಿನೋನ್, ಸಿಪ್ಪೆ ಏಳಿಸುವ ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಸ್ಟೀರಾಯ್ಡ್.

ಸ್ಟೀರಾಯ್ಡನ್ನೇ ವಿಷವೆನ್ನುವುದು ತಪ್ಪು. ಇಸುಬು, ಸೋರಿಯಾಸಿಸ್‌ನಂಥ ತೊಂದರೆಗಳಲ್ಲಿ ಅದು ವರ. ಮುಖದ ತೆಳು ಚರ್ಮದ ಮೇಲೆ, ಅಳತೆಯಿಲ್ಲದೆ, ತಿಂಗಳುಗಟ್ಟಲೆ ಹಚ್ಚಿದಾಗ ಮಾತ್ರ ಅದರ ಗುಣವೇ ಮುಳುವಾಗುತ್ತದೆ. ಹಚ್ಚಿದ ಕೂಡಲೇ ರಕ್ತನಾಳ ಕುಗ್ಗಿ ಮುಖ ತಿಳಿಯಾಗುತ್ತದೆ, ಗುಳ್ಳೆ ಅಡಗುತ್ತವೆ, ಬಣ್ಣ ಬಿಳಿಚುತ್ತದೆ. ಕನ್ನಡಿ ಮೆಚ್ಚುತ್ತದೆ, ಕೈ ನಿಲ್ಲುವುದಿಲ್ಲ. ಒಳಗೆ ಚರ್ಮ ತೆಳುವಾಗುತ್ತ ಹೋಗುತ್ತದೆ. ಒಂದು ದಿನ ಬಿಟ್ಟರೆ ಕುಗ್ಗಿದ್ದ ನಾಳಗಳೆಲ್ಲ ಒಮ್ಮೆಗೇ ಹಿಗ್ಗಿ ಮುಖ ಕುದಿಯುತ್ತದೆ, ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ. ರೊಸೇಶಿಯಾದಂತೆಯೇ ಕಾಣುವ ಈ ಸ್ಥಿತಿಗೆ ನಮ್ಮ ದೇಶದ ಚರ್ಮವೈದ್ಯರೇ ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಎಂಬ ಅರ್ಥದ ಹೆಸರಿಟ್ಟರು. ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಗೆಂದು ಬಂದ 2,926 ಜನರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ನೂರಕ್ಕೆ 59 ಜನರಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲ. ಉಳಿದವರಿಗೆ ಹೇಳಿದವರು ವೈದ್ಯರೇ ಎಂಬುದನ್ನೂ ಮರೆಯುವಂತಿಲ್ಲ. ಹಳೆಯ ಚೀಟಿಯೊಂದು ವರ್ಷಾನುಗಟ್ಟಲೆ ಓಡಾಡುತ್ತದೆ, ಒಬ್ಬರ ಚೀಟಿ ಓಣಿಗೆಲ್ಲ ಔಷಧವಾಗುತ್ತದೆ.

ಇಲ್ಲಿ ಒಂದು ಎದುರುಮಾತು ಬರುತ್ತದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ದಿನಗೂಲಿಯ ಹೆಣ್ಣುಮಗಳಿಗೆ ಚರ್ಮವೈದ್ಯರು ಎಲ್ಲಿ ಸಿಗುತ್ತಾರೆ? ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಔಷಧಿ ಅಂಗಡಿಯವನು ಸಂಜೆ ಏಳಕ್ಕೂ ಇರುತ್ತಾನೆ, ಸಾಲ ಕೊಡುತ್ತಾನೆ, ಗದರುವುದಿಲ್ಲ. ಅವನೇ ಅವಳ ವೈದ್ಯ. ಈ ಮಾತು ನಿಜ, ಇದನ್ನು ಕೈಗಾರಿಕೆ ತರುವವರೂ ಯೋಚಿಸಬೇಕು. 2014ರ ಸೆಪ್ಟೆಂಬರ್ 24ರಂದು ಪ್ರಧಾನಿಯವರು ವಸಂತನರಸಾಪುರದ ಫುಡ್ ಪಾರ್ಕ್ ಉದ್ಘಾಟಿಸಿದರು. 2020ರ ಡಿಸೆಂಬರ್‌ನಲ್ಲಿ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಭಾಗವಾಗಿ ತುಮಕೂರಿನ ಕೈಗಾರಿಕಾ ನೆಲೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ರಸ್ತೆ, ನೀರು, ವಿದ್ಯುತ್ತಿನ ಯೋಜನೆ ಹಾಕುವಾಗ ಆ ಶೆಡ್ಡುಗಳ ಕಾವಿನಲ್ಲಿ ನಿಲ್ಲುವ ಮೈಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು.

ಆದರೆ ಬಡತನದ ಈ ನಿಜ ಟ್ಯೂಬಿನ ಮಾರಾಟಕ್ಕೆ ಸಮರ್ಥನೆಯಾಗದು. ಎರಡು ವರ್ಷದಲ್ಲಿ ಅವಳು ಟ್ಯೂಬಿಗೆ, ಬಿಳುಪಿನ ಸೋಪಿಗೆ, ಯಾರೋ ಹೇಳಿದ ಲೇಪಕ್ಕೆ ಸುರಿದ ಹಣವನ್ನು ಇಬ್ಬರೂ ಕೂತು ಲೆಕ್ಕಹಾಕಿದೆವು. ವೈದ್ಯರ ಶುಲ್ಕ, ಬಸ್ಸಿನ ಖರ್ಚು, ಹೋದ ದಿನದ ಕೂಲಿ ಎಲ್ಲ ಸೇರಿಸಿದರೂ ಅದಕ್ಕಿಂತ ಕಡಿಮೆಯೇ ಆಗುತ್ತಿತ್ತು. ಇನ್ನೊಂದು ಸಂಗತಿ: ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ನೌಕರರು ಇಎಸ್‌ಐ ಎಂಬ ನೌಕರರ ಆರೋಗ್ಯ ವಿಮೆಯ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈನಿಂದ ಅವರ ಸಂಬಳದಲ್ಲಿ ಶೇ. 0.75 ಮುರಿದುಕೊಂಡು, ಮಾಲೀಕರು ಶೇ. 3.25 ಸೇರಿಸಿ ಕಟ್ಟುತ್ತಾರೆ. ತಜ್ಞ ವೈದ್ಯರ ಬಳಿಗೆ ಕಳಿಸಿಕೊಡುವುದೂ ಅದರಲ್ಲಿ ಸೇರಿದೆ. ತನ್ನ ಸಂಬಳದ ಚೀಟಿಯಲ್ಲಿ ಆ ಕಡಿತ ಇದ್ದದ್ದೇ ಅವಳಿಗೆ ತಿಳಿದಿರಲಿಲ್ಲ, ತಿಳಿಸುವುದು ತಮ್ಮ ಕೆಲಸವೆಂದು ಯಾರಿಗೂ ಅನ್ನಿಸಿರಲಿಲ್ಲ.

ಕಾನೂನೂ ಇದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಪಟ್ಟಿಗೆ ಸೇರಿಸಿತು. ಚರ್ಮವೈದ್ಯರ ಸಂಘಟನೆ ವರ್ಷಗಟ್ಟಲೆ ಒತ್ತಾಯಿಸಿದ್ದರ ಫಲ ಅದು. ಹಾಗಿದ್ದೂ ಟ್ಯೂಬು ಅವಳ ಬ್ಯಾಗಿಗೆ ಬಂದು ಸೇರಿತೆಂದರೆ, ಕಾನೂನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತುಬಿಟ್ಟಿದೆ ಎಂದೇ ಅರ್ಥ. ಅಲ್ಲಿಂದ ಮುಂದಕ್ಕೆ ಅದನ್ನು ಒಯ್ಯಬೇಕಾದವರು ಆಶಾ ಕಾರ್ಯಕರ್ತೆಯರು, ಕಾರ್ಖಾನೆಯ ನರ್ಸು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. "ತೋರಿಸು" ಎನ್ನುವ ಒಂದು ಮಾತು ಅವರ ಬಾಯಲ್ಲಿ ರೂಢಿಯಾದರೆ ಸಾಕು, ಅರ್ಧ ರೋಗ ಅಲ್ಲೇ ಪತ್ತೆ.

ಇನ್ನು ಉಷ್ಣದ ಮಾತು. ಓದಿದವರು ಅದನ್ನು ಅಜ್ಞಾನವೆಂದು ನಗುವುದುಂಟು, ನನಗೆ ಹಾಗನ್ನಿಸುವುದಿಲ್ಲ. ಒಲೆಯ ಕಾವನ್ನೂ ಮೆಣಸಿನಕಾಯಿಯ ಖಾರವನ್ನೂ ನಮ್ಮ ಹಿರಿಯರು ಒಂದೇ ಪದದಲ್ಲಿ ಹೇಳಿದರು, ಎರಡೂ ಉಷ್ಣ. ಬಿಸಿಯನ್ನೂ ಮೆಣಸಿನ ಖಾರದ ಅಂಶವನ್ನೂ ಗುರುತಿಸುವುದು ನರದ ತುದಿಯಲ್ಲಿರುವ ಒಂದೇ ಗ್ರಾಹಿ ಎಂದು ತೋರಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ರೊಸೇಶಿಯಾ ಇರುವ ಚರ್ಮದಲ್ಲಿ ಈ ಜಾತಿಯ ಗ್ರಾಹಿಗಳು ಅತಿ ಚುರುಕು. ಹಾಗಾಗಿ ಬಿಸಿ, ಖಾರ, ಬಿಸಿಲು ಮುಖವನ್ನು ಕೆಣಕುತ್ತವೆ ಎಂಬ ಅಜ್ಜಿಯರ ಅನುಭವ ಸುಳ್ಳಲ್ಲ. ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ. ಉಷ್ಣವೆಂದು ಹೆಸರಿಟ್ಟ ಮೇಲೆ ನಾವು ಹುಡುಕುವುದನ್ನು ನಿಲ್ಲಿಸುತ್ತೇವೆ, ತಪ್ಪನ್ನು ಅವಳ ತಟ್ಟೆಯ ಮೇಲೆ ಹಾಕುತ್ತೇವೆ. ಮೊಟ್ಟೆ ಬಿಡು, ಬದನೆಕಾಯಿ ಬಿಡು, ಕಡಲೆಕಾಯಿ ಬಿಡು ಎಂದು ಮೊದಲೇ ರಕ್ತ ಕಡಿಮೆಯಿರುವ ಹೆಣ್ಣಿನ ಊಟ ಕಿತ್ತುಕೊಳ್ಳುತ್ತೇವೆ. ಬಿಡಬೇಕಾದದ್ದು ಎಲ್ಲರಿಗೂ ಒಂದೇ ಅಲ್ಲ. ಒಂದು ತಿಂಗಳು ಕ್ಯಾಲೆಂಡರಿನ ಮೇಲೆ ಮುಖ ಕಾವೇರಿದ ದಿನಕ್ಕೊಂದು ಗುರುತು ಹಾಕಿ, ಆ ದಿನ ಏನಾಗಿತ್ತೆಂದು ಪಕ್ಕದಲ್ಲಿ ಬರೆದರೆ ಅವರವರ ಕಾರಣ ಅವರಿಗೇ ಕಾಣುತ್ತದೆ. ಅವಳ ಕ್ಯಾಲೆಂಡರಿನಲ್ಲಿ ಸಾರಿನ ಖಾರಕ್ಕೆ ಒಂದು ಗುರುತೂ ಬೀಳಲಿಲ್ಲ. ಬಿದ್ದವೆಲ್ಲ ಹುರಿಯುವ ಬಾಣಲೆಯ ಮುಂದೆ ನಿಂತ ದಿನಗಳಿಗೆ, ಮತ್ತು ಹಬೆಯಾಡುವ ಚಹಾವನ್ನು ಮೂರು ಗುಟುಕಿಗೆ ಮುಗಿಸಿ ಓಡಬೇಕಾದ ಹತ್ತು ನಿಮಿಷದ ವಿರಾಮಗಳಿಗೆ.

ಹಾಗಾದರೆ ಇದು ಅವಳೊಬ್ಬಳ ಕಾಯಿಲೆಯೇ? 1948ರ ಕಾರ್ಖಾನೆ ಕಾಯ್ದೆಯಲ್ಲೇ ಗಾಳಿಯಾಡುವಿಕೆ ಮತ್ತು ಶಾಖದ ಬಗ್ಗೆ ಕಲಮು ಇತ್ತು, ಕೆಲಸಗಾರರಿಗೆ ಸಹನೀಯವಾದ ವಾತಾವರಣ ಕೊಡುವುದು ಮಾಲೀಕರ ಹೊಣೆಯಾಗಿತ್ತು. ಬಾಣಲೆಯ ಮುಂದಿನ ಜಾಗವನ್ನು ದಿನಕ್ಕಿಷ್ಟು ಗಂಟೆಯಂತೆ ಸರದಿಯಲ್ಲಿ ಹಂಚುವುದು, ಬಿಸಿಗಾಳಿ ಎಳೆದುಹಾಕುವ ಫ್ಯಾನು ಕೆಟ್ಟರೆ ಅಂದೇ ರಿಪೇರಿ ಮಾಡಿಸುವುದು, ಮುಖ ತೊಳೆಯಲು ತಣ್ಣೀರಿನ ನಲ್ಲಿ, ಇವೇನು ದೊಡ್ಡ ಬೇಡಿಕೆಗಳಲ್ಲ. ಕಾರ್ಖಾನೆಯ ಕಾವಿನಿಂದಲೇ ರೊಸೇಶಿಯಾ ಹುಟ್ಟಿತೆಂದು ನಾನು ಹೇಳುವುದಿಲ್ಲ. ಇದ್ದದ್ದನ್ನು ಕೆರಳಿಸುವ ಶಕ್ತಿ ಮಾತ್ರ ಅದಕ್ಕಿದೆ, ಮತ್ತು ಅದನ್ನು ತಗ್ಗಿಸುವುದು ಮುಲಾಮಿನಿಂದ ಆಗುವ ಕೆಲಸವಲ್ಲ.

ಚಿಕಿತ್ಸೆ ಇದೆ, ದುಬಾರಿಯದೇ ಬೇಕೆಂದಿಲ್ಲ. ಗುಳ್ಳೆಗಳಿಗೆ ಮೆಟ್ರೊನಿಡಜೋಲ್ ಜೆಲ್, ಅಜೆಲಾಯಿಕ್ ಆಮ್ಲ, ಐವರ್‌ಮೆಕ್ಟಿನ್ ಕ್ರೀಮು. ಹೆಚ್ಚಿದ್ದರೆ ಕೆಲವು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಅದನ್ನು ಬಸುರಿಯರಿಗೆ ಕೊಡುವಂತಿಲ್ಲ. ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಇದೆಲ್ಲಕ್ಕಿಂತ ಮೊದಲು ಮನೆಯ ಮದ್ದಿನ ಹೆಸರಿನಲ್ಲಿ ನಡೆಯುವ ಹಿಂಸೆ ನಿಲ್ಲಬೇಕು. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟು, ಕಡಲೆಹಿಟ್ಟಿನಲ್ಲಿ ಉಜ್ಜುವುದು, ಯಾವುದೂ ಬೇಡ. ಸೌಮ್ಯವಾದ ಸೋಪು, ಬೆಚ್ಚಗಿಂತ ತಣ್ಣಗಿನ ನೀರು, ವಾಸನೆಯಿಲ್ಲದ ತೇವಕಾರಕ, ಸತು ಆಕ್ಸೈಡ್ ಇರುವ ಬಿಸಿಲುತಡೆ ಕ್ರೀಮು. ಬಿಸಿಲುತಡೆ ಕೊಳ್ಳಲಾಗದ ತಿಂಗಳು ಕೊಡೆ, ಅಗಲವಾದ ಹತ್ತಿಯ ಸೆರಗು. ಕಣ್ಣಿನಲ್ಲಿ ಮರಳು ಹೊಕ್ಕಂತೆ ಚುಚ್ಚುತ್ತಿದ್ದರೆ, ರೆಪ್ಪೆಯ ಅಂಚು ಊದಿದ್ದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಈ ಕಾಯಿಲೆ ಕಣ್ಣಿಗೂ ಇಳಿಯುತ್ತದೆ, ಬಿಟ್ಟರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೇ ಹಾನಿ. ಮುಖದ ಅಂದದ ವಿಷಯ, ಕ್ಷಯ–ರಕ್ತಹೀನತೆಗಳ ನಡುವೆ ಇದಕ್ಕೇಕೆ ಇಷ್ಟು ಮಾತು ಎನ್ನುವವರು ಕಣ್ಣಿನ ಈ ಸಂಗತಿಯನ್ನೂ ಬೇರೆಯಾದ ಆ ಲೋಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸ್ಟೀರಾಯ್ಡ್ ಬಿಡಿಸುವುದೇ ಕಷ್ಟದ ಭಾಗ. ಬಿಟ್ಟ ಮೊದಲ ವಾರಗಳಲ್ಲಿ ಮುಖ ಮೊದಲಿಗಿಂತ ಕೆಡುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ವೈದ್ಯರನ್ನೇ ಬಿಟ್ಟು ಟ್ಯೂಬಿಗೆ ಮರಳುತ್ತಾಳೆ. ನಮ್ಮ ವೈದ್ಯರು ಹೇಳಿದ್ದರು, "ಮೂರು ವಾರ ನೀನು ನನ್ನನ್ನ ಬೈಕೋತೀಯ, ಬೈಕೋ, ಆದ್ರೆ ಹಚ್ಚಬೇಡ" ಎಂದು. ಎರಡನೆಯ ವಾರ ಅವಳ ಮುಖ ಊದಿಕೊಂಡಿತು. ರಾತ್ರಿ ಒದ್ದೆಬಟ್ಟೆ ಹಾಕಿಕೊಂಡು ಮಲಗುತ್ತಿದ್ದಳು. ಒಂದು ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ ಅತ್ತಳು. ನಾನು ಹೇಳಬಹುದಾದದ್ದು ಇನ್ನೆಷ್ಟು ದಿನ ಎಂಬ ಎಣಿಕೆ ಮಾತ್ರ. ಮೂರು ತಿಂಗಳ ಹೊತ್ತಿಗೆ ಗುಳ್ಳೆ ಅಡಗಿದವು. ಬಣ್ಣ ಪೂರ್ತಿ ಇಳಿದಿಲ್ಲ, ಬಿಸಿಲು ಏರಿದರೆ ಕೆನ್ನೆ ಇನ್ನೂ ಕಾವೇರುತ್ತದೆ. ರೊಸೇಶಿಯಾ ಬುಡಸಮೇತ ಹೋಗುವ ಕಾಯಿಲೆಯಲ್ಲ, ಅದು ಅವಳಿಗೆ ಗೊತ್ತು. ಮೇಲ್ವಿಚಾರಕರನ್ನು ಕೇಳಿ ವಾರದಲ್ಲಿ ಮೂರು ದಿನ ಪ್ಯಾಕಿಂಗ್‌ಗೆ ಬದಲಾಯಿಸಿಕೊಂಡಿದ್ದಾಳೆ, ಚಹಾವನ್ನು ಆರಿಸಿ ಕುಡಿಯುತ್ತಾಳೆ. ಲೋಟದ ಸಂಗತಿಯನ್ನು ನಾನು ಕೇಳಲಿಲ್ಲ. ಅವಳ ಅತ್ತೆಯೇ ಒಂದು ದಿನ, ಎಲ್ಲರ ಲೋಟಗಳ ಜೊತೆಗೇ ಅವಳದನ್ನೂ ತೊಳೆದು ಬೋರಲು ಹಾಕಿದ್ದನ್ನು ಕಂಡೆ.

ಮೊನ್ನೆ ಬಂದಾಗ ಬ್ಯಾಗಿನಿಂದ ಎರಡು ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು. ಎದೆ ಧಸಕ್ಕೆಂದಿತು. ಅವಳವಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿನವರವು. "ಇದರಾಗೇನೈತೆ ಓದಿ ಹೇಳಕ್ಕ, ನಾಳೆ ವಾಪಸ್ ಕೊಡಬೇಕು" ಎಂದಳು. ಒಂದರಲ್ಲಿ ಬೀಟಾಮೆಥಾಸೋನ್ ಇತ್ತು. ಇನ್ನೊಂದನ್ನು ಎಷ್ಟು ಹಿಂಡಿದ್ದರೆಂದರೆ ಅಕ್ಷರಗಳೆಲ್ಲ ಅಳಿಸಿ ಹೋಗಿದ್ದವು, ಪಕ್ಕದ ಕೆಂಪು ಗೆರೆಯೊಂದೇ ಉಳಿದಿತ್ತು.